ಮಲೆಯೂರಿನ ಕನಕಗಿರಿ: ಒಂದು ಜೈನ ನೆಲೆಯ ಏಳುಬೀಳು

ಚಾಮರಾಜನಗರ ತಾಲ್ಲೂಕಿನ ಮಲೆಯೂರು ಕವಲಂದೆಗೆ ಸಮೀಪದ ಊರು. ಊರಿಗೆ ಹೊಂದಿಕೊಂಡ ಬೆಟ್ಟವೇ ಕನಕಗಿರಿ. ಮೇಲೆ ಪಾರ್ಶ್ವನಾಥ ಬಸದಿ, ಸುತ್ತ ಬಂಡೆಗಳಲ್ಲಿ ಕೊರೆದ ಪಾದಗಳು, ಶಾಸನಗಳು. ಹೊಯ್ಸಳರ ಕಾಲದಿಂದ ಮೈಸೂರು ಒಡೆಯರ ಕಾಲದವರೆಗೆ ಜೈನ ಮುನಿಗಳು, ಭಟ್ಟಾರಕರು, ಕವಿಗಳು ಬಾಳಿ ಹೋದ ಜಾಗವಿದು. ಇಂಥ ನೆಲೆಯ ಇಳಿಗಾಲಕ್ಕೆ ಯಾವುದೋ ಒಂದು ದಾಳಿಯನ್ನೋ ಒಬ್ಬ ಅರಸನ ದ್ವೇಷವನ್ನೋ ಕಾರಣವಾಗಿ ಹುಡುಕುವುದು ವಾಡಿಕೆ. ದತ್ತಿ ಕೊಡುವ ಕೈ ಮತ್ತು ಆಡಳಿತದ ಕೇಂದ್ರ ಎರಡೂ ಬದಲಾದಂತೆ ಕನಕಗಿರಿ ನಿಧಾನವಾಗಿ ಸೊರಗಿತು ಎಂಬುದು ಈ ಲೇಖನದ ವಾದ.

ಗೋಡೆಗಳಿಲ್ಲದ ಆಶ್ರಮ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮಧ್ಯಯುಗದ ಕ್ರೈಸ್ತ ಮಠಗಳ ಅವಶೇಷಗಳನ್ನು ನೋಡಿದವರಿಗೆ ಊಟದ ಮನೆ, ಮಲಗುವ ಮನೆ, ಪ್ರಾರ್ಥನಾ ಮಂದಿರಗಳ ಗೋಡೆಗಳು ಈಗಲೂ ಎದುರಾಗುತ್ತವೆ. ಅವುಗಳ ಅಂತ್ಯಕ್ಕೆ ಖಚಿತ ಇಸವಿಗಳಿವೆ. ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನು ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡ. 1132ರಲ್ಲಿ ಸ್ಥಾಪನೆಯಾದ ಫೌಂಟನ್ಸ್ ಮಠ 1539ರಲ್ಲಿ ಮುಚ್ಚಿತು. ಮಾಡಿನ ಸೀಸವನ್ನು ಕಿತ್ತು ಮಾರಿದ ಮೇಲೆ ಅಂಥ ಕಟ್ಟಡಗಳು ಮಳೆಗಾಳಿಗೆ ಬಿದ್ದವು.

ಕನಕಗಿರಿಯಲ್ಲಿ ಅಂಥ ವಿಹಾರವನ್ನು ಹುಡುಕಿದರೆ ಸಿಗುವುದಿಲ್ಲ. ದಿಗಂಬರ ಮುನಿಗೆ ಮನೆಯಿಲ್ಲ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಒಂದೇ ಕಡೆ ನೆಲೆಸುವ ಹಾಗೂ ಇಲ್ಲ. ಮಠ, ಆಸ್ತಿ, ಓಲೆಗರಿಯ ಭಂಡಾರ ಇವೆಲ್ಲ ಗಟ್ಟಿಯಾದದ್ದು ಮಠಾಧಿಪತಿಗಳಾದ ಭಟ್ಟಾರಕರ ಪರಂಪರೆ ಬೆಳೆದ ಮೇಲೆ. ಹಾಗಾಗಿ ಇಲ್ಲಿ ಬಾಳಿದವರ ಗುರುತು ಗೋಡೆಗಿಂತ ಹೆಚ್ಚಾಗಿ ಬಂಡೆಯ ಮೇಲಿದೆ. ಸಲ್ಲೇಖನ ಎಂಬ ಉಪವಾಸ ವ್ರತದಿಂದ ದೇಹ ಬಿಟ್ಟ ಮುನಿಯ ನೆನಪಿಗೆ ಶಿಷ್ಯರು ನಿಸಿಧಿ ನಿಲ್ಲಿಸುತ್ತಿದ್ದರು, ಪಾದಗಳನ್ನು ಕೊರೆಸುತ್ತಿದ್ದರು. ಕಟ್ಟಡದ ಪಳೆಯುಳಿಕೆ ಕಡಿಮೆ ಎಂಬ ಕಾರಣಕ್ಕೆ ಈ ನೆಲೆ ಚಿಕ್ಕದಾಗಿತ್ತೆಂದು ತೀರ್ಮಾನಿಸುವುದು ಸರಿಯಲ್ಲ.

ಪುಣಿಸನ ಕಾಲ

ಈ ಸೀಮೆಯಲ್ಲಿ ಜೈನಧರ್ಮಕ್ಕೆ ಅಧಿಕಾರದ ಬೆಂಬಲವಿತ್ತೆಂಬುದಕ್ಕೆ ದೊಡ್ಡ ಸಾಕ್ಷಿ ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನ. ಆಗ ಈ ಊರು ಎಣ್ಣೆನಾಡಿನ ಅರಕೊಟ್ಟಾರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಇಲ್ಲಿ ತ್ರಿಕೂಟ ಬಸದಿಯನ್ನು ಕಟ್ಟಿಸಿದ. ಅವನು ತೋದರನ್ನು ಬೆದರಿಸಿದ್ದು, ಕೊಂಗರನ್ನು ಹಿಮ್ಮೆಟ್ಟಿಸಿದ್ದು, ನೀಲಗಿರಿಯನ್ನು ಹಿಡಿದದ್ದು ಶಾಸನದಲ್ಲಿದೆ. ನೀಲಗಿರಿಯ ತೋದರ ಹೆಸರು ಕಾಣಿಸುವ ಬಹಳ ಹಳೆಯ ದಾಖಲೆಯೆಂದು ಇದು ಇತಿಹಾಸಕಾರರಿಗೆ ಪರಿಚಿತ.

ಅದೇ ಶಾಸನದ ಇನ್ನೊಂದು ಭಾಗ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ನಷ್ಟ ಹೊಂದಿದ ವ್ಯಾಪಾರಿಗೆ, ಬಿತ್ತನೆ ಬೀಜವಿಲ್ಲದ ಒಕ್ಕಲಿಗೆ, ಅಧಿಕಾರ ಕಳೆದುಕೊಂಡವನಿಗೆ ಪುಣಿಸ ನೆರವಾದನೆಂದೂ ಗಂಗವಾಡಿಯ ಬಸದಿಗಳನ್ನು ಸಿಂಗರಿಸಿದನೆಂದೂ ಅದು ಹೊಗಳುತ್ತದೆ. ಪ್ರಶಸ್ತಿಯ ಉತ್ಪ್ರೇಕ್ಷೆಯನ್ನು ಕಳೆದರೂ ಒಂದು ಮಾತು ಉಳಿಯುತ್ತದೆ. ಗಡಿಯ ದಂಡು, ವ್ಯಾಪಾರ, ಬೇಸಾಯ, ಬಸದಿ ನಾಲ್ಕನ್ನೂ ಒಂದೇ ಕೈ ಹಿಡಿದಿತ್ತು. ಮೈಸೂರು ಬಯಲಿನಿಂದ ಕೊಂಗುನಾಡಿಗೂ ವಯನಾಡಿಗೂ ಇಳಿಯುವ ದಾರಿಗಳು ಈ ನಾಡಿನ ಮೂಲಕವೇ ಹೋಗುತ್ತವೆ. ಆ ದಾರಿಗಳನ್ನು ಕಾಯುವವನು ಜೈನನಾಗಿದ್ದಾಗ ಬಸದಿಗಳಿಗೆ ಬಲ ಬಂತು.

1422ರ ದತ್ತಿ

ವಿಜಯನಗರದ ಕಾಲಕ್ಕೆ ಈ ಭಾಗದ ಆಡಳಿತ ಕೇಂದ್ರ ತೆರಕಣಾಂಬಿ. ಇಂದು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಈ ಊರಿನ ಹಳೆಯ ಗುಡಿಗಳೇ ಅದರ ಅಂದಿನ ದೊಡ್ಡಸ್ತಿಕೆಯನ್ನು ಹೇಳುತ್ತವೆ. 1422ರಲ್ಲಿ ದೇವರಾಯನ ಮಗ ಹರಿಹರ ಮಲೆಯೂರು ಗ್ರಾಮವನ್ನು ಕನಕಗಿರಿಯ ದೇವರು ವಿಜಯನಾಥನ ಪೂಜೆಗೆಂದು ಬಿಟ್ಟುಕೊಟ್ಟ. ಜೈನರಲ್ಲದ ಅರಸು ಮನೆತನವೊಂದು ಜೈನ ನೆಲೆಗೆ ಇಡೀ ಊರನ್ನೇ ಕೊಟ್ಟಿತೆಂದರೆ ಆ ನೆಲೆಗಿದ್ದ ಮನ್ನಣೆ ತಿಳಿಯುತ್ತದೆ.

ಊರು ದತ್ತಿಯಾಗಿ ಬಂತೆಂದರೆ ಅದರ ಕಂದಾಯ, ಕೆರೆ, ಗದ್ದೆ, ಹೊಲಗಳ ಹುಟ್ಟುವಳಿ ಬಸದಿಗೆ ಸಲ್ಲುತ್ತದೆ. ಪೂಜೆ ನಡೆಯುವುದು, ಮುನಿಗಳಿಗೆ ಆಹಾರ ದಾನವಾಗುವುದು, ಓಲೆಗರಿಗಳ ಪ್ರತಿ ಮಾಡಿಸುವುದು ಎಲ್ಲಕ್ಕೂ ಇಂಥ ದತ್ತಿಯೇ ಆಧಾರ. ಅದು ಕೈತಪ್ಪಿದರೆ ಬಸದಿಯ ಕಲ್ಲು ನಿಂತಿರುತ್ತದೆ, ಒಳಗಿನ ಬಾಳು ಬಡವಾಗುತ್ತದೆ.

ತೆರಕಣಾಂಬಿಯ ನಂತರ

ದತ್ತಿಯಾದ ನೂರು ವರ್ಷದೊಳಗೆ ಸೀಮೆಯ ರಾಜಕೀಯ ಕದಡಿತು. ಉಮ್ಮತ್ತೂರಿನ ಗಂಗರಾಜ ವಿಜಯನಗರಕ್ಕೆ ತಿರುಗಿಬಿದ್ದ; ಕೃಷ್ಣದೇವರಾಯ ಅವನ ಮೇಲೆ ದಂಡೆತ್ತಿ ಬಂದ. ಮುಂದೆ ರಾಜ ಒಡೆಯರ ಕಾಲದಲ್ಲಿ ಉಮ್ಮತ್ತೂರು, ತೆರಕಣಾಂಬಿ ಎರಡೂ ಮೈಸೂರಿಗೆ ಸೇರಿದವು. ತೆರಕಣಾಂಬಿ ಆಡಳಿತ ಕೇಂದ್ರವಾಗಿ ಉಳಿಯಲಿಲ್ಲ. ಚಿಕ್ಕದೇವರಾಜ ಒಡೆಯರು (1673-1704) ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿದರು. ಅರಮನೆಯ ಔದಾರ್ಯ ಶ್ರೀವೈಷ್ಣವ ಗುಡಿ, ಅಗ್ರಹಾರಗಳತ್ತ ಹರಿಯಿತು. ವಿಶೇಷವೆಂದರೆ ಇದೇ ಅರಸರ ಮೊದಲ ಮಂತ್ರಿ, ಯಳಂದೂರಿನ ವಿಶಾಲಾಕ್ಷ ಪಂಡಿತ, ಜೈನ. ಅವನು 1686ರಲ್ಲಿ ಕೊಲೆಯಾದ. ಅವನ ಸ್ಥಾನಕ್ಕೆ ಶ್ರೀವೈಷ್ಣವ ತಿರುಮಲಾರ್ಯ ಬಂದ.

ಮಠಗಳ ನಾಶದ ಮಾತು ಬಂದಾಗ ಇದೇ ಕಾಲದ ಇನ್ನೊಂದು ಕಥನವೂ ಎದುರಾಗುತ್ತದೆ. ಹೊಸ ತೆರಿಗೆಗಳ ವಿರುದ್ಧದ ರೈತರ ದಂಗೆಗೆ ಜಂಗಮರು ಕಾರಣರೆಂದು ಚಿಕ್ಕದೇವರಾಜರು ನಂಜನಗೂಡಿನಲ್ಲಿ ನಾನೂರಕ್ಕೂ ಹೆಚ್ಚು ಜಂಗಮರನ್ನು ಕೊಲ್ಲಿಸಿದರು, ಏಳುನೂರಕ್ಕೂ ಹೆಚ್ಚು ಮಠಗಳನ್ನು ಕೆಡವಿಸಿದರು ಎಂದು ಮೈಸೂರಿನ ಇತಿಹಾಸಕಾರ ವಿಲ್ಕ್ಸ್ 1810ರಲ್ಲಿ ಬರೆದ. ಅವನ ಬರಹ ಘಟನೆಗಿಂತ ಶತಮಾನಕ್ಕೂ ಈಚಿನದು. ಆ ಸಂಖ್ಯೆಗಳನ್ನು ಹಾಗೆಯೇ ಒಪ್ಪುವಂತಿಲ್ಲ. ದಂಗೆ, ದಮನಗಳ ನೆನಪನ್ನು ತಳ್ಳಿಹಾಕುವಂತೆಯೂ ಇಲ್ಲ. ಏನೇ ಇರಲಿ, ಅದು ವೀರಶೈವ ಮಠಗಳ ಕಥೆ. ಕನಕಗಿರಿಯ ಇಳಿಗಾಲಕ್ಕೆ ಆ ಕಥೆಯನ್ನು ಅಂಟಿಸಿದರೆ ಎರಡು ಪರಂಪರೆಗಳ ಇತಿಹಾಸವೂ ಕೆಡುತ್ತದೆ.

ದೇವಚಂದ್ರನ ಸಾಕ್ಷಿ

ನೆಲೆ ಪೂರ್ತಿ ಬರಿದಾಗಿರಲಿಲ್ಲ ಎಂಬುದಕ್ಕೆ ಕನಕಗಿರಿಯ ದೇವಚಂದ್ರನೇ ಪುರಾವೆ. 1804ರಲ್ಲಿ ಸರ್ವೆಗೆ ಬಂದ ಕಾಲಿನ್ ಮೆಕೆಂಜಿಗೆ ಸ್ಥಳದ ಚರಿತ್ರೆ ಹೇಳಿದವನು ಇವನು. ಈ ಭೇಟಿಯ ಬಳಿಕ ಬೆಳೆದ ಬರವಣಿಗೆಯೇ ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗಾಗಿ ಸಿದ್ಧವಾದ ‘ರಾಜಾವಳಿ ಕಥೆ’. ಅದರ ಕಾಲ 1838. ಹಿಂದಿನ ವೈಭವ ಇಲ್ಲದಿದ್ದರೂ ಓಲೆಗರಿ ಓದಬಲ್ಲ, ಪರಂಪರೆಯನ್ನು ಹೇಳಬಲ್ಲ ಪಂಡಿತರ ಮನೆ ಬೆಟ್ಟದ ಬುಡದಲ್ಲಿ ಉಳಿದಿತ್ತು.

ದೇವಚಂದ್ರನನ್ನು ಎಚ್ಚರದಿಂದ ಓದಬೇಕು. ಅವನ ಗ್ರಂಥದಲ್ಲಿ ಬರುವ ಜೈನ ಕಥಾಪರಂಪರೆ ವೈಯಾಕರಣಿ ಪೂಜ್ಯಪಾದನನ್ನು ಪಾಣಿನಿಯ ಬಂಧುವೆಂದು ಹೇಳುತ್ತದೆ; ಪೂಜ್ಯಪಾದನ ಸೋದರಳಿಯ ನಾಗಾರ್ಜುನ ಸಿದ್ಧರಸದಿಂದ ಬೆಟ್ಟವನ್ನೇ ಚಿನ್ನ ಮಾಡಲು ಹೊರಟಾಗ ಯಕ್ಷಿ ಪದ್ಮಾವತಿ ತಡೆದು ಜಿನಾಲಯ ಕಟ್ಟಿಸೆಂದಳಂತೆ. ಪಾಣಿನಿಗೂ ಪೂಜ್ಯಪಾದನಿಗೂ ನಡುವೆ ಹಲವು ಶತಮಾನಗಳ ಅಂತರವಿರುವುದರಿಂದ ಇದು ಕಾಲಗಣನೆಗೆ ನಿಲ್ಲುವುದಿಲ್ಲ. ಆದರೂ ಕಥೆ ನಿರುಪಯುಕ್ತವಲ್ಲ. ಅರಸರ ಆಶ್ರಯ ತಗ್ಗಿದ ಹೊತ್ತಿನಲ್ಲಿ ಈ ಬೆಟ್ಟದವರು ತಮ್ಮ ಹಿರಿಮೆಯನ್ನು ಯಾವ ಹೆಸರುಗಳಲ್ಲಿ ಉಳಿಸಿಕೊಂಡರು ಎಂಬುದು ಅದರಿಂದ ತಿಳಿಯುತ್ತದೆ.

ಉಪಸಂಹಾರ

ಪುಣಿಸನ ಶಾಸನ, ಹರಿಹರನ ದತ್ತಿ, ದೇವಚಂದ್ರನ ಗ್ರಂಥ ಈ ಮೂರನ್ನು ಜೊತೆಗಿಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ದಂಡನಾಯಕನ ಬಲದಲ್ಲಿ ಸೀಮೆಯ ಬಸದಿಗಳು ಬೆಳೆದವು, ಗ್ರಾಮದತ್ತಿಯಿಂದ ಕನಕಗಿರಿ ನಿಂತಿತು, ಅಧಿಕಾರದ ಕೇಂದ್ರ ಬೇರೆಡೆಗೆ ಸರಿದ ಮೇಲೆ ಪಂಡಿತರ ಮನೆಗಳಲ್ಲಿ ಜೀವ ಹಿಡಿದುಕೊಂಡಿತು. ಹೆನ್ರಿಯ ಆಜ್ಞೆಯಂಥ ಒಂದೇ ಏಟು ಇಲ್ಲಿ ಬಿದ್ದಿಲ್ಲ. ಇಂದಿಗೂ ಬಸದಿಯಲ್ಲಿ ಪೂಜೆಯಿದೆ, ಯಾತ್ರಿಕರು ಬರುತ್ತಾರೆ.

ಬಿ. ಎಲ್. ರೈಸ್ 1898ರ ‘ಎಪಿಗ್ರಾಫಿಯಾ ಕರ್ನಾಟಿಕ’ ನಾಲ್ಕನೆಯ ಸಂಪುಟದಲ್ಲಿ ಮಲೆಯೂರಿನ ಶಾಸನಗಳನ್ನು ಪ್ರಕಟಿಸಿದರು. ಪರಿಷ್ಕೃತ ಆವೃತ್ತಿಯಲ್ಲೂ ಅವು ಸೇರಿವೆ. ಪುಸ್ತಕಕ್ಕೆ ಬಂದ ಮಾತ್ರಕ್ಕೆ ಬಂಡೆ ಕ್ಷೇಮವಾಗಿರುವುದಿಲ್ಲ. ಬಯಲಿನ ಬರಹ ಮಳೆಗೂ ತುಳಿತಕ್ಕೂ ಸವೆಯುತ್ತದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಸಿಮೆಂಟು, ಬಣ್ಣಗಳಡಿ ಮುಚ್ಚಿಹೋಗುವ ಅಪಾಯವೂ ಉಂಟು. ಬೆಟ್ಟದ ಪ್ರತಿ ಪಾದ, ಪ್ರತಿ ನಿಸಿಧಿಯ ಜಾಗವನ್ನು ಗುರುತಿಸಿ, ಚಿತ್ರ ತೆಗೆದು, ಮುದ್ರಿತ ಪಾಠದೊಂದಿಗೆ ಹೋಲಿಸಿ ಸ್ಥಳಪಟ್ಟಿ ಸಿದ್ಧಪಡಿಸುವ ಕೆಲಸವನ್ನು ಪುರಾತತ್ವ ಇಲಾಖೆ, ಜೈನ ಮಠ, ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಸೇರಿ ಕೈಗೆತ್ತಿಕೊಳ್ಳಬೇಕು.