ಡ್ಯಾಶ್‌ಬೋರ್ಡಿನಲ್ಲೊಂದು ಖಾಲಿ ಕಿಂಡಿ

'ಡ್ಯಾಶ್‌ಬೋರ್ಡ್' ಎಂಬ ಇಂಗ್ಲಿಷ್ ಪದ ಮೋಟಾರು ಕಾರಿಗಿಂತ ಹಳೆಯದು. ಕುದುರೆಯ ಗೊರಸು ಎರಚುವ ಕೆಸರು, ಹರಳುಗಳು ಗಾಡಿ ಹೊಡೆಯುವವನ ಮೈಗೆ ಸಿಡಿಯದಂತೆ ಅವನ ಮುಂದೆ ನಿಲ್ಲಿಸುತ್ತಿದ್ದ ಮರದ ಅಥವಾ ತೊಗಲಿನ ಹಲಗೆಗೆ ಆ ಹೆಸರಿತ್ತು. ಕುದುರೆ ಹೋಯಿತು, ಹಲಗೆ ಉಳಿಯಿತು. ಕೆಸರು ತಡೆಯುವ ಕೆಲಸ ತಪ್ಪಿದ ಮೇಲೆ ಅದಕ್ಕೆ ವೇಗಮಾಪಕ, ಇಂಧನದ ಮುಳ್ಳು, ಗಡಿಯಾರಗಳು ಒಂದೊಂದಾಗಿ ಬಂದು ಅಂಟಿಕೊಂಡವು. ಈ ಹಲಗೆಯ ನಡುವೆ ಕಾರು ತಯಾರಕರು ಬಹುಕಾಲ ಖಾಲಿ ಬಿಟ್ಟಿದ್ದ ಒಂದು ಕಿಂಡಿಯ ಚರಿತ್ರೆಯನ್ನಷ್ಟೇ ಇಲ್ಲಿ ಹೇಳಹೊರಟಿದ್ದೇನೆ.

ಆ ಕಿಂಡಿಯ ಅಗಲ 180 ಮಿಲಿಮೀಟರು, ಎತ್ತರ 50 ಮಿಲಿಮೀಟರು. ಜರ್ಮನಿಯ ಮಾನಕ ಸಂಸ್ಥೆ ನಿಗದಿಪಡಿಸಿದ ಈ ಅಳತೆ ಮುಂದೆ ಐ.ಎಸ್.ಓ. 7736 ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಬೆರಳೆಣಿಕೆಯ ಸಂಖ್ಯೆಗಳ ಈ ಒಣ ಒಪ್ಪಂದದಲ್ಲಿ ಒಂದು ಔದಾರ್ಯವಿತ್ತು. ಯಾರೋ ತಯಾರಿಸಿದ ಯಂತ್ರವನ್ನು ಮತ್ಯಾರೋ ತಯಾರಿಸಿದ ಕಾರಿಗೆ ಮೂರನೆಯವನೊಬ್ಬ ಕೂಡಿಸಬಹುದಿತ್ತು. ನಮ್ಮಲ್ಲಿ ಅಗ್ಗದ ಕಾರುಗಳು ಈ ಕಿಂಡಿಗೆ ಪ್ಲಾಸ್ಟಿಕ್ಕಿನ ಮುಚ್ಚಳವೊಂದನ್ನು ತೊಡಿಸಿಕೊಂಡು ಮಾರಾಟವಾಗುತ್ತಿದ್ದವು. ಒಳಗೇನು ಇಡಬೇಕೆಂಬುದು ಕೊಂಡವನ ಇಷ್ಟ, ಅವನ ಜೇಬಿನ ಶಕ್ತಿ.

ಕಿಂಡಿಗೆ ಮೊದಲು ಬಂದದ್ದು ರೇಡಿಯೊ. ಷಿಕಾಗೋದ ಪಾಲ್ ಗಾಲ್ವಿನ್ ಮತ್ತು ಅವನ ಸೋದರ ಜೋಸೆಫ್ 1930ರಲ್ಲಿ ಕಾರಿಗೆ ಅಳವಡಿಸಬಹುದಾದ ರೇಡಿಯೊ ತಯಾರಿಸಿ ಅದನ್ನು 'ಮೊಟೊರೋಲಾ' ಎಂದು ಕರೆದರು. ಕಂಪನಿಗೇ ಆ ಹೆಸರು ಬಂದದ್ದು ಆಮೇಲೆ. ರೇಡಿಯೊ ತಯಾರಿಸುವುದಕ್ಕಿಂತ ಅದನ್ನು ಕಾರಿನೊಳಗೆ ಬದುಕಿಸುವುದೇ ಕಷ್ಟವಾಗಿತ್ತು. ನಿರ್ವಾತ ಕೊಳವೆಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಕಾರಿನ ಬ್ಯಾಟರಿಯಲ್ಲಿರಲಿಲ್ಲ, ಅದಕ್ಕೆ ಪ್ರತ್ಯೇಕ ಬ್ಯಾಟರಿಗಳನ್ನು ಹೊರಬೇಕಿತ್ತು. ಎಂಜಿನ್ನಿನ ಪ್ರತಿಯೊಂದು ಕಿಡಿಯೂ ಧ್ವನಿವರ್ಧಕದಲ್ಲಿ ಚಟಪಟ ಸದ್ದಾಗಿ ಕೇಳಿಬರುತ್ತಿತ್ತು. ಸಾಲ ಕೇಳಲು ಹೋದ ಗಾಲ್ವಿನ್ ಬ್ಯಾಂಕಿನವನ ಪ್ಯಾಕರ್ಡ್ ಕಾರಿಗೇ ರೇಡಿಯೊ ಕೂಡಿಸಿಕೊಟ್ಟನೆಂದೂ, ಅರ್ಧ ಗಂಟೆಯಲ್ಲಿ ಆ ಕಾರಿಗೆ ಬೆಂಕಿ ಹತ್ತಿತೆಂದೂ, ಸಾಲ ಸಿಗಲಿಲ್ಲವೆಂದೂ ಒಂದು ಕತೆ ಪ್ರಚಲಿತವಿದೆ. ನಿಜವೋ ಕಟ್ಟಿದ್ದೋ, ಕಾರಿಗೆ ತಂತಿ ಎಳೆದ ಪ್ರತಿಯೊಬ್ಬನೂ ಅದನ್ನು ನಂಬುತ್ತಾನೆ.

ನಮ್ಮ ದೇಶದಲ್ಲಿ ಇದೇ ಚರಿತ್ರೆ ನಿಧಾನವಾಗಿ ನಡೆಯಿತು. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿ, ಅದಕ್ಕಾಗಿ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದರು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೊಂದಿಗೆ ನಿಂತರು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ದೊರೆಯದೆ ಮೈಸೂರಿನಲ್ಲಿ ಅದು ಕೈಗೂಡಲಿಲ್ಲ. ಅದೇ ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಅದರ ಕಾರ್ಖಾನೆಯಿಂದ ಬಂದ ಫಿಯೆಟ್, ಮುಂದೆ ಪದ್ಮಿನಿ ಎಂದಾಗಿ, ಮುಂಬಯಿಯ ಕಪ್ಪು–ಹಳದಿ ಟ್ಯಾಕ್ಸಿಯ ರೂಪದಲ್ಲಿ ನಮಗೆಲ್ಲ ಪರಿಚಿತವಾಯಿತು. ಕಾರು ಸಿಕ್ಕಿತೆಂದು ರೇಡಿಯೊ ಸಿಗುತ್ತಿರಲಿಲ್ಲ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪರವಾನಗಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಿತ್ತು. ಆ ಪದ್ಧತಿ 1980ರ ದಶಕದ ಮಧ್ಯದವರೆಗೂ ನಡೆಯಿತು. ಹಾಡು ಕೇಳುವುದಕ್ಕೂ ಮುದ್ರೆ ಬೇಕೆಂದು ನಿಯಮ ಬರೆದ ಆ ಹಳೆಯ ಗುಮಾಸ್ತರ ಬಗ್ಗೆ ಸರ್ಕಾರಿ ನೌಕರನಾದ ನನಗೆ ಸ್ವಲ್ಪ ನಗುವೂ ಸ್ವಲ್ಪ ಬಂಧುಭಾವವೂ ಇದೆ.

ನಾನಿರುವ ವಿಠ್ಠಲವಾಡಿ ಈ ಕತೆಯಿಂದ ದೂರದ ಊರೇನಲ್ಲ. ಇದೇ ಪ್ರೀಮಿಯರ್ ಕಂಪನಿ 1990ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಜೊತೆ ಸೇರಿ 309 ಕಾರನ್ನು ಕಟ್ಟಿದ್ದು ಕಲ್ಯಾಣದ ಕಾರ್ಖಾನೆಯಲ್ಲಿ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಇನ್ನು ವಿಠ್ಠಲವಾಡಿ ನಿಲ್ದಾಣದಿಂದ ರೈಲು ಕರ್ಜತ್ ಕಡೆಗೆ ಹೊರಟರೆ ಮುಂದಿನ ನಿಲ್ದಾಣವೇ ಉಲ್ಹಾಸನಗರ. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಶಿಬಿರದಲ್ಲಿ, ದೇಶವಿಭಜನೆಯ ನಂತರ ಬಂದ ಸುಮಾರು ಒಂದು ಲಕ್ಷ ಸಿಂಧಿ ನಿರಾಶ್ರಿತರು ನೆಲೆ ನಿಂತ ಊರದು. 1949ರ ಆಗಸ್ಟ್ 8ರಂದು ರಾಜಗೋಪಾಲಾಚಾರಿಯವರು ಅದಕ್ಕೆ ಈಗಿನ ಹೆಸರಿಟ್ಟರು. ಇಲ್ಲಿ ತಯಾರಾದ ಸರಕಿನ ಮೇಲಿನ 'ಮೇಡ್ ಇನ್ ಯು.ಎಸ್.ಎ.' ಎಂಬುದಕ್ಕೆ 'ಉಲ್ಹಾಸನಗರ ಸಿಂಧಿ ಅಸೋಸಿಯೇಷನ್' ಎಂದು ಅರ್ಥ ಹೇಳುವ ತಮಾಷೆ ಮುಂಬಯಿಯಲ್ಲಿ ಇಂದಿಗೂ ಓಡುತ್ತಿದೆ. 'ಡೂಪ್ಲಿಕೇಟ್' ಎಂದು ಮೂಗು ಮುರಿಯುವವರು ಒಂದನ್ನು ಮರೆಯುತ್ತಾರೆ. ನಕಲು ಮಾಡಬೇಕಾದರೆ ಮೊದಲು ಅಸಲನ್ನು ಬಿಚ್ಚಿ ನೋಡಬೇಕು. ಬಿಚ್ಚಿ ನೋಡುವ ಧೈರ್ಯ ಈ ಪ್ರದೇಶದ ಗಲ್ಲಿಗಳಲ್ಲಿ ಎರಡು ತಲೆಮಾರಿನಿಂದ ಇತ್ತು.

ಕಿಂಡಿಗೆ ಕಂಪ್ಯೂಟರು ಬಂದದ್ದು 1999ರಲ್ಲಿ. ಕಾರು ಕಂಪನಿಗಳು ಅದಕ್ಕೆ ಮೊದಲೇ ಒಮ್ಮೆ ಕೈ ಸುಟ್ಟುಕೊಂಡಿದ್ದವು. 1986ರ ಬ್ಯೂಕ್ ರಿವಿಯೆರಾ ಕಾರಿಗೆ ಮುಟ್ಟಿದರೆ ಸ್ಪಂದಿಸುವ ಟೀವಿಯಂಥ ಪರದೆ ಕೂಡಿಸಲಾಗಿತ್ತು. ರಸ್ತೆಯಿಂದ ಕಣ್ಣು ತೆಗೆಯದೆ ಅದನ್ನು ಬಳಸಲಾಗದೆಂಬ ದೂರು ಬಂದು, ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಇಂಗ್ಲೆಂಡಿನ ಸಣ್ಣ ಕಂಪನಿಯೊಂದು ಹೊರತಂದ 'ಎಂಪೆಗ್' ಬೇರೆ ದಾರಿ ಹಿಡಿಯಿತು. ಸಾಧಾರಣ ಸ್ಟೀರಿಯೊ ಕೂರುವ ಅದೇ ಕಿಂಡಿಯೊಳಗೆ 220 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, ಹಾರ್ಡ್ ಡಿಸ್ಕು, ಲಿನಕ್ಸ್ ಎಲ್ಲವನ್ನೂ ತುಂಬಿತ್ತು. ಹಾಡು ಸೇರಿಸಬೇಕೆಂದರೆ ಅದನ್ನು ಕಿಂಡಿಯಿಂದೆಳೆದು ಮನೆಗೊಯ್ಯಬೇಕಿತ್ತು.

ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಂಸ್ಥೆಯವರು ಅದೇ ವಂಶದ ಸಂಸ್ಕಾರಕದ ಮೇಲೆ, ಅದೇ ಲಿನಕ್ಸಿನಲ್ಲಿ, ಅಂಗೈಯಗಲದ 'ಸಿಂಪ್ಯೂಟರ್' ರೂಪಿಸುತ್ತಿದ್ದರೆಂಬುದು ನನಗೆ ಕುತೂಹಲದ ಸಂಗತಿ. ಒಂದು ಕಡೆ ಸಂಗೀತದ ಐಷಾರಾಮ, ಇನ್ನೊಂದು ಕಡೆ ಓದು ಬಾರದ ರೈತನಿಗೆ ಕನ್ನಡದಲ್ಲಿ ಓದಿ ಹೇಳುವ ಯಂತ್ರದ ಕನಸು. 2004ರಲ್ಲಿ ಬಿ.ಇ.ಎಲ್. ಕಾರ್ಖಾನೆಯಿಂದ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತಾದರೂ ರೈತನನ್ನು ಮುಟ್ಟಲಿಲ್ಲ. ಮಹೀಂದ್ರ ಅಂಡ್ ಮಹೀಂದ್ರ ವಾಹನಗಳ ಎಂಜಿನ್ ದೋಷಪತ್ತೆ ಅದು ಕಂಡುಕೊಂಡ ಕೆಲವೇ ಬಳಕೆಗಳಲ್ಲಿ ಒಂದಾಯಿತು.

ಎಂಪೆಗ್ ಕೊಳ್ಳುವ ಶಕ್ತಿ ನಮ್ಮವರಿಗಿರಲಿಲ್ಲ. ಆದರೆ 2001ರ ನಂತರ ತೈವಾನಿನ ವಿಯಾ ಕಂಪನಿ 17 ಸೆಂಟಿಮೀಟರು ಚದರದ 'ಮಿನಿ ಐ.ಟಿ.ಎಕ್ಸ್.' ಮದರ್‌ಬೋರ್ಡು ತಂದಾಗ ಸ್ವಂತ ಯಂತ್ರ ಕಟ್ಟುವ ದಾರಿ ತೆರೆಯಿತು. ನಮ್ಮ ವಸಾಹತಿನ ಉಡುಪಿ ಕಡೆಯ ಮಿತ್ರರೊಬ್ಬರು 2007ರಲ್ಲಿ ತಮ್ಮ ಹಳೆಯ ಮಾರುತಿಗೆ ಅಂಥದೊಂದನ್ನು ಕಟ್ಟಿದರು. ಬೋರ್ಡು ಲ್ಯಾಮಿಂಗ್ಟನ್ ರಸ್ತೆಯದು, ತಗಡಿನ ಪೆಟ್ಟಿಗೆ ಉಲ್ಹಾಸನಗರದ್ದು. ಆರು ಭಾನುವಾರ ಪಕ್ಕದಲ್ಲಿ ಕೂತು ಟಾರ್ಚು ಹಿಡಿದದ್ದಷ್ಟೇ ನನ್ನ ಪಾಲು.

ಕಂಪ್ಯೂಟರಿಗೆ ಬೇಕಾದದ್ದು ಸ್ಥಿರವಾದ ವಿದ್ಯುತ್ತು. ಕಾರಿನಲ್ಲಿ ಇಲ್ಲದ್ದೂ ಅದೇ. ಹನ್ನೆರಡು ವೋಲ್ಟಿನದೆನ್ನುವ ಬ್ಯಾಟರಿ, ಎಂಜಿನ್ ಓಡುವಾಗ ಹದಿನಾಲ್ಕಕ್ಕೆ ಏರುತ್ತದೆ. ಕೀಲಿ ತಿರುವಿ ಸ್ಟಾರ್ಟರ್ ಎಳೆಯುವ ಒಂದೆರಡು ಕ್ಷಣ ಎಂಟಕ್ಕೋ ಅದಕ್ಕೂ ಕೆಳಕ್ಕೋ ಕುಸಿಯುತ್ತದೆ. ಆ ಕುಸಿತಕ್ಕೆ ಕಂಪ್ಯೂಟರು ಸತ್ತು ಮತ್ತೆ ಹುಟ್ಟುತ್ತದೆ. ಆದ್ದರಿಂದ 6ರಿಂದ 24 ವೋಲ್ಟಿನವರೆಗೆ ತಾಳಿಕೊಳ್ಳುವ ವಿಶೇಷ ಪವರ್ ಸಪ್ಲೈ ಬೇಕಾಯಿತು. ಅದು ಕೀಲಿಯ ತಂತಿಯನ್ನು ಗಮನಿಸುತ್ತಿದ್ದು, ಕೀಲಿ ತೆಗೆದ ಮೇಲೆ ಕಂಪ್ಯೂಟರಿಗೆ ಮಲಗಲು ಸಮಯ ಕೊಟ್ಟು, ಆಮೇಲೆ ವಿದ್ಯುತ್ತನ್ನು ಪೂರ್ತಿ ಕಡಿಯುತ್ತದೆ. ಕಡಿಯದಿದ್ದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದು. ಏಳು ಇಂಚಿನ ಪರದೆ 50 ಮಿಲಿಮೀಟರಿನ ಕಿಂಡಿಯೊಳಗೆ ಹಿಡಿಸದು. ಪ್ಲಾಸ್ಟಿಕ್ ಕೊಯ್ದು, ಫೈಬರ್ ಚೌಕಟ್ಟು ಕೂಡಿಸಿ, ಪುಟ್ಟಿ ಹಚ್ಚಿ, ಉಪ್ಪುಕಾಗದದಿಂದ ಉಜ್ಜಿದ್ದೇ ಎರಡು ಭಾನುವಾರ. ಕೊನೆಗೆ ಹಾಡು ಹಚ್ಚಿದರೆ, ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಸಿಳ್ಳೊಂದು ಹಾಡಿನ ಬೆನ್ನಿಗೇ ಬರತೊಡಗಿತು. ಆಲ್ಟರ್ನೇಟರಿನ ಸದ್ದದು. ಎಲ್ಲ ಯಂತ್ರಗಳ ಅರ್ಥಿಂಗ್ ತಂತಿಗಳನ್ನು ಒಂದೇ ಬೋಲ್ಟಿಗೆ ತಂದು ಕಟ್ಟಿದ ಮೇಲೆ ಅದು ಅಡಗಿತು. ಗಾಲ್ವಿನ್ ಸೋದರರ ತಲೆನೋವು ಎಪ್ಪತ್ತೇಳು ವರ್ಷದ ನಂತರ ವಿಠ್ಠಲವಾಡಿಗೆ ಬಂದಿತ್ತು.

ಇಷ್ಟು ಪಾಡು ಏಕೆ? ಅಂಗಡಿಯಲ್ಲಿ ಒಳ್ಳೆಯ ಸ್ಟೀರಿಯೊಗಳಿದ್ದವು. ಅವರ ಬಳಿ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಳೆಗಳಿದ್ದವು, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಗಂಟೆಗಟ್ಟಲೆಯ ಕಡತಗಳು. ಅವುಗಳಿಗೆ ಪ್ರಸಂಗದ ಹೆಸರು, ಪಾತ್ರದ ಹೆಸರನ್ನು ಅವರು ಕನ್ನಡದಲ್ಲೇ ಬರೆದಿದ್ದರು. ಅಂಗಡಿಯ ಸ್ಟೀರಿಯೊದ ಕಿರುಪರದೆ ರೋಮನ್ ಅಕ್ಷರಗಳನ್ನಷ್ಟೇ ಬಲ್ಲದು. ಕನ್ನಡ ಕಂಡರೆ ಸಾಲಾಗಿ ಖಾಲಿ ಚೌಕಗಳನ್ನು ತೋರಿಸುತ್ತಿತ್ತು. ತಾವು ಕಟ್ಟಿದ ಯಂತ್ರದಲ್ಲಿ ವಿಂಡೋಸಿನ ಕನ್ನಡ ಲಿಪಿಯಿತ್ತು. ಮೊದಲ ಬಾರಿ ಡ್ಯಾಶ್‌ಬೋರ್ಡಿನಲ್ಲಿ 'ವಾಲಿವಧೆ' ಎಂದು ಮೂಡಿದಾಗ, "ನಮ್ಮ ಅಕ್ಷರ ಬಂತು ನೋಡಿ ಮಾರಾಯ್ರೆ" ಎಂದು ಎಂಜಿನ್ ನಿಲ್ಲಿಸಿ ಹೊತ್ತು ಹೊತ್ತು ನೋಡುತ್ತ ಕೂತರು. ಆ ಮೇ ತಿಂಗಳಲ್ಲಿ ಪನವೇಲ್ ದಾಟಿ ಗೋವಾ ಹೆದ್ದಾರಿ ಹಿಡಿದು ಊರಿಗೆ ಹೋಗುವವರೆಗೂ ಕಾರಿನಲ್ಲಿ ವಾಲಿ ಮತ್ತು ರಾಮರ ವಾದ ನಡೆದೇ ಇತ್ತಂತೆ. ಮಕ್ಕಳು ಮಾತ್ರ ಮಹಾಡ್ ದಾಟುವ ಮೊದಲೇ ಹಿಂದಿ ಹಾಡು ಕೇಳಿದ್ದರು.

ಈಗ ಅದೆಲ್ಲ ಮೊಬೈಲಿನ ಕೆಲಸ. ಕನ್ನಡ ಎಲ್ಲರ ಅಂಗೈಯಲ್ಲಿ ಮೂಡುತ್ತದೆ, ಅದಕ್ಕೆ ಮರುಗಬೇಕಿಲ್ಲ. ನನ್ನ ಮನಸ್ಸು ತೊಡಗಿರುವುದು ಕಿಂಡಿಯ ಬಗ್ಗೆ. ಹೊಸ ಕಾರುಗಳಲ್ಲಿ 180ಕ್ಕೆ 50ರ ಆ ಚೌಕ ಅಪರೂಪವಾಗುತ್ತಿದೆ. ಪರದೆ ಕಾರ್ಖಾನೆಯಲ್ಲೇ ಅಚ್ಚಿನೊಂದಿಗೆ ಕೂಡಿಕೊಂಡು ಬರುತ್ತದೆ. ಎಷ್ಟೋ ಕಾರುಗಳಲ್ಲಿ ಹವಾನಿಯಂತ್ರಣ, ಹಿಂಬದಿಯ ಕ್ಯಾಮೆರಾ ಅದಕ್ಕೇ ಬೆಸೆದಿರುವುದರಿಂದ, ಪರದೆ ಕಿತ್ತರೆ ಅವೂ ನಿಲ್ಲುತ್ತವೆ. ಬಿಚ್ಚಬಲ್ಲವನು ಗಲ್ಲಿಯಲ್ಲಿ ಇನ್ನೂ ಇದ್ದಾನೆ. ಬಿಚ್ಚಿದರೆ ವಾರಂಟಿ ಹೋದೀತೆಂಬ ಭಯದಲ್ಲಿ ಅವನ ಬಳಿಗೆ ಕಾರು ಬರುವುದಿಲ್ಲ.

ಮಿತ್ರರು ತಮ್ಮ ಮಾರುತಿಯನ್ನು ನಾಲ್ಕು ವರ್ಷದ ಹಿಂದೆ ಮಾರಿದರು. ಕೊಳ್ಳಲು ಬಂದ ತರುಣ ಡ್ಯಾಶ್‌ಬೋರ್ಡನ್ನು ಕೊಯ್ದಿರುವುದಕ್ಕೆ ಐದು ಸಾವಿರ ಕಡಿಮೆ ಕೇಳಿದ. ಅವರು ಚೌಕಾಸಿ ಮಾಡದೆ ಒಪ್ಪಿ, ಸ್ಕ್ರೂಡ್ರೈವರ್ ತಂದು ಪರದೆಯನ್ನೂ ಆಸನದ ಕೆಳಗಿನ ತಗಡಿನ ಪೆಟ್ಟಿಗೆಯನ್ನೂ ಬಿಚ್ಚಿಕೊಂಡು ಮೂರನೆಯ ಮಹಡಿಯ ಮನೆಗೆ ಹೊತ್ತೊಯ್ದರು.