ಹೆಚ್ಚು ರಿಫ್ರೆಶ್ ರೇಟ್‌ನ ಗೇಮಿಂಗ್ ಮಾನಿಟರ್

ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಮೂಡುತ್ತದೆ ಎಂಬ ಲೆಕ್ಕವೇ ರಿಫ್ರೆಶ್ ರೇಟ್. ಇದರ ಅಳತೆ ಹರ್ಟ್ಸ್. ಕಚೇರಿ ಕೆಲಸದ ಮಾನಿಟರ್ ಸಾಮಾನ್ಯವಾಗಿ 60 ಹರ್ಟ್ಸ್‌ನದು. 120 ಹರ್ಟ್ಸ್ ಮತ್ತು ಅದಕ್ಕೂ ಮೇಲಿನವನ್ನು ಗೇಮಿಂಗ್ ವರ್ಗಕ್ಕೆ ಸೇರಿಸುವುದು ರೂಢಿ. ಈ ಅಂಕಿ ಮೊದಲು ನಿಗದಿಯಾದದ್ದು ವಿದ್ಯುತ್ ಜಾಲದ ಅನುಕೂಲಕ್ಕೆ. ಆಮೇಲೆ ನೋಡುವವರ ಕಣ್ಣಿಗಾಗಿ, ಈಗ ಆಡುವವರ ಕೈಗಾಗಿ ಏರುತ್ತ ಬಂದಿದೆ.

ಟಿವಿ ಕಾಲ

ಭಾರತದ ವಿದ್ಯುತ್ ಜಾಲ 50 ಹರ್ಟ್ಸ್‌ನದು. ರಾಯಚೂರು ಬಳಿಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಟರ್ಬೈನುಗಳು ನಿಮಿಷಕ್ಕೆ 3000, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುವುದು ಇದೇ ಕಾರಣಕ್ಕೆ. ಟಿವಿಯ ಆರಂಭದ ದಿನಗಳಲ್ಲಿ ಪರದೆಯ ವೇಗ ವಿದ್ಯುತ್ತಿನ ಆವರ್ತನಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಅಡ್ಡಪಟ್ಟಿಗಳು ತೇಲುತ್ತಿದ್ದವು. ಹಾಗಾಗಿ 60 ಹರ್ಟ್ಸ್ ವಿದ್ಯುತ್ತಿನ ಅಮೆರಿಕ 60ನ್ನೂ, ಯುರೋಪ್ 50ನ್ನೂ ಆರಿಸಿಕೊಂಡವು. ಭಾರತವೂ 50ರ ದಾರಿ ಹಿಡಿಯಿತು. 625 ಗೆರೆಗಳ ಚಿತ್ರದಲ್ಲಿ ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಇನ್ನೊಮ್ಮೆ ಮೂಡುತ್ತಿದ್ದವು. ಪೂರ್ಣ ಚಿತ್ರ ಸೆಕೆಂಡಿಗೆ 25 ಮಾತ್ರ.

ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಈ ಚಿತ್ರ ಬಂದದ್ದು ಬೆಂಗಳೂರು ದೂರದರ್ಶನಕ್ಕಿಂತ ಮೊದಲೇ, ಅದೂ ಉಪಗ್ರಹದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ನಾಸಾ ನಡೆಸಿದ 'ಸೈಟ್' ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಆಯ್ಕೆಯಾಗಿದ್ದವು. ಕರ್ನಾಟಕದಿಂದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿದ್ದವು. ತಂತಿಜಾಳಿಗೆಯ ಸುಮಾರು ಮೂರು ಮೀಟರ್ ಅಗಲದ ಆಂಟೆನಾ, ಅದಕ್ಕೊಂದು ಕಪ್ಪು-ಬಿಳುಪು ಟಿವಿ. ಊರವರೆಲ್ಲ ಒಟ್ಟಾಗಿ ಕುಳಿತು ನೋಡುತ್ತಿದ್ದರು. ಕೃಷಿ, ಆರೋಗ್ಯದ ಪಾಠಗಳಿಗೆ ಆ ವೇಗ ಧಾರಾಳವಾಗಿ ಸಾಕಿತ್ತು.

ಕಂಪ್ಯೂಟರ್ ಪರದೆ

ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ಹತ್ತಿರದಿಂದ ಓದಬೇಕು. ಅಲ್ಲಿ 50ರ ಮಿನುಗು ಕಣ್ಣಿಗೆ ಕುಕ್ಕುತ್ತದೆ. 1981ರ ಐಬಿಎಂ ಪಿಸಿಯ ಏಕವರ್ಣ ಮಾನಿಟರ್ 50 ಹರ್ಟ್ಸ್‌ನದಾಗಿದ್ದರೂ, ಬೆಳಕು ತಡವಾಗಿ ಆರುವ ಹಸಿರು ರಂಜಕವನ್ನು ಲೇಪಿಸಿ ಮಿನುಗನ್ನು ಮರೆಮಾಚಲಾಗಿತ್ತು. 1987ರ ವಿಜಿಎ ಅಕ್ಷರಗಳನ್ನು 70 ಹರ್ಟ್ಸ್‌ನಲ್ಲಿ ತೋರಿಸಿತು. 1990ರ ದಶಕ ಮುಗಿಯುವ ಹೊತ್ತಿಗೆ ಒಳ್ಳೆಯ ಸಿಆರ್‌ಟಿ ಮಾನಿಟರ್‌ಗಳು 85 ಮುಟ್ಟಿದ್ದವು.

ಆಮೇಲೆ ಬಂದ ಎಲ್‌ಸಿಡಿಯಲ್ಲಿ ಮಿನುಗಿನ ಕಾಟವಿಲ್ಲ. ಮುಂದಿನ ಚಿತ್ರ ಬರುವತನಕ ಪ್ರತಿ ಪಿಕ್ಸೆಲ್ ಹಿಂದಿನದನ್ನೇ ಹಿಡಿದು ನಿಲ್ಲುತ್ತದೆ. ಕಚೇರಿಗೆ ಇದು ವರ, ಆಟಕ್ಕೆ ತೊಡಕು: ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸಿದಾಗ ನಿಂತ ಚಿತ್ರ ಮಸುಕಾಗಿ ಎಳೆದಂತೆ ಕಾಣುತ್ತದೆ. ಗೇಮ್ ಆಡುವ ಅನೇಕರು ಬಹುಕಾಲ ಭಾರದ ಸಿಆರ್‌ಟಿಯನ್ನೇ ಇಟ್ಟುಕೊಂಡದ್ದು ಈ ಕಾರಣಕ್ಕೆ.

2009ರಲ್ಲಿ ಸ್ಯಾಮ್‌ಸಂಗ್‌ನ ಸಿಂಕ್‌ಮಾಸ್ಟರ್ 2233ಆರ್‌ಝಡ್‌ನಂಥ 120 ಹರ್ಟ್ಸ್ ಎಲ್‌ಸಿಡಿಗಳು ಮಾರುಕಟ್ಟೆಗೆ ಬಂದವು. ಅವುಗಳ ಉದ್ದೇಶ ವೇಗವಲ್ಲ, 3ಡಿ: ವಿಶೇಷ ಕನ್ನಡಕದ ಮೂಲಕ ಒಂದೊಂದು ಕಣ್ಣಿಗೂ 60 ಚಿತ್ರ ಹಂಚುವುದು. 3ಡಿ ಹುಚ್ಚು ಇಳಿಯಿತು. 120 ಮಾತ್ರ ಆಟಗಾರರ ಪಾಲಿಗೆ ಉಳಿಯಿತು. 2012ರಲ್ಲಿ 144, 2020ರಲ್ಲಿ 360 ಹರ್ಟ್ಸ್ ಮಾನಿಟರ್‌ಗಳು ಬಂದವು.

ಮುಖ್ಯ ಲಕ್ಷಣಗಳು

ರೆಸ್ಪಾನ್ಸ್ ಟೈಮ್: ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಸಮಯ. 144 ಹರ್ಟ್ಸ್‌ನಲ್ಲಿ ಒಂದು ಚಿತ್ರದ ಆಯಸ್ಸು 6.9 ಮಿಲಿಸೆಕೆಂಡ್. ಬಣ್ಣ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ವೇಗದ ಲಾಭ ಕೈತಪ್ಪಿತೆಂದೇ ಅರ್ಥ. ಹಳೆಯ ಟಿಎನ್ ಪ್ಯಾನೆಲ್ ಚುರುಕು, ಆದರೆ ಬಣ್ಣ ಪೇಲವ. ಐಪಿಎಸ್‌ನಲ್ಲಿ ಬಣ್ಣ ಚೆನ್ನ. ಒಎಲ್‌ಇಡಿಯಲ್ಲಿ ಎರಡೂ ಇವೆ, ಬೆಲೆಯೂ ಇದೆ.

ಅಡಾಪ್ಟಿವ್ ಸಿಂಕ್: ಗ್ರಾಫಿಕ್ಸ್ ಕಾರ್ಡ್ ಹಿಂದಿನದು ಮೂಡುತ್ತಿರುವ ನಡುವೆಯೇ ಹೊಸ ಚಿತ್ರವನ್ನು ತಂದಿತ್ತರೆ ಪರದೆಯ ಮೇಲ್ಭಾಗದಲ್ಲಿ ಹಳೆಯದು, ಕೆಳಗೆ ಹೊಸದು ಕಂಡು ಚಿತ್ರ ಹರಿದಂತಾಗುತ್ತದೆ. ಕಾರ್ಡ್‌ನ ವೇಗಕ್ಕೆ ಪರದೆಯೇ ಹೊಂದಿಕೊಳ್ಳುವ ಉಪಾಯವನ್ನು ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಹೆಸರಿನಲ್ಲಿ ಪ್ರಕಟಿಸಿತು. 2014ರಲ್ಲಿ ಇದು ಡಿಸ್‌ಪ್ಲೇಪೋರ್ಟ್ ಮಾನದಂಡಕ್ಕೂ ಸೇರಿತು. ಎಎಮ್‌ಡಿಯ ಫ್ರೀಸಿಂಕ್ ಇದೇ ಬಗೆಯದು.

ಕೇಬಲ್: 4ಕೆ ಚಿತ್ರಕ್ಕೆ ಎಚ್‌ಡಿಎಂಐ 1.4ರ ಮಿತಿ 30 ಹರ್ಟ್ಸ್, 2.0ರದು 60. 120 ಬೇಕಾದರೆ 2017ರಲ್ಲಿ ಬಂದ 2.1 ಬೇಕು.

ಮಿತಿ

ಅಂಕಿ ಏರಿದಷ್ಟೂ ಲಾಭ ಇಳಿಯುತ್ತದೆ. 60ರಿಂದ 144ಕ್ಕೆ ಹೋದರೆ ಪ್ರತಿ ಚಿತ್ರಕ್ಕೆ ಸುಮಾರು 9.7 ಮಿಲಿಸೆಕೆಂಡ್ ಉಳಿಯುತ್ತದೆ. 240ರಿಂದ 360ಕ್ಕೆ ಹೋದರೆ ಉಳಿಯುವುದು 1.4 ಮಾತ್ರ. ಗ್ರಾಫಿಕ್ಸ್ ಕಾರ್ಡ್ ಅಷ್ಟು ಚಿತ್ರಗಳನ್ನು ಒದಗಿಸದಿದ್ದರೆ ಅದೂ ಇಲ್ಲ. ಜೊತೆಗೆ, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಬದಲಿಸದೆ ಬಿಟ್ಟರೆ 144ರ ಮಾನಿಟರೂ ಎಷ್ಟೋ ಸಲ 60ರಲ್ಲೇ ಓಡುತ್ತಿರುತ್ತದೆ. ಹೊಸ ಮಾನಿಟರ್ ತಂದವರು ಮೊದಲು ನೋಡಬೇಕಾದದ್ದು ಅದನ್ನೇ.