ಚೂ ಚೂ ರೈಲಿನ ಏಳುಬೀಳು

ನಮ್ಮ ಮಕ್ಕಳು ರೈಲಾಟದಲ್ಲಿ ‘ಚುಕುಬುಕು’ ಎನ್ನುವಂತೆ ಇಂಗ್ಲಿಷ್ ಮಕ್ಕಳು ‘ಚೂ ಚೂ’ ಎನ್ನುತ್ತಾರೆ. ಆ ಎಳೆಯರ ನುಡಿಯನ್ನೇ ಹೆಸರಾಗಿ ಹೊತ್ತ ರೈಲೊಂದು ದಕ್ಷಿಣ ಆಫ್ರಿಕದಲ್ಲಿ ಓಡುತ್ತಿತ್ತು: ಔಟೆನಿಕ್ವಾ ಚೂ ಚೂ. ಮೊದಲನೆಯ ‘ಚೂ’ ಇಂಗ್ಲಿಷ್ ಕಾಗುಣಿತದ್ದು, ಎರಡನೆಯದು ಆಫ್ರಿಕಾನ್ಸ್ ಕಾಗುಣಿತದ್ದು. ಔಟೆನಿಕ್ವಾ ಎಂಬುದು ಅಲ್ಲಿಯ ಬೆಟ್ಟಸಾಲು. ನಾನು ಆ ರೈಲನ್ನು ಹತ್ತಿದವನಲ್ಲ. ಆದರೂ ಅದರ ಕಥೆ ನನ್ನ ಮನಸ್ಸನ್ನು ಬಿಡದು.

ಜಾರ್ಜ್ ಪಟ್ಟಣದಿಂದ ನೈಸ್ನಾಕ್ಕೆ ೬೭ ಕಿಲೋಮೀಟರ್ ದಾರಿ. ೧೯೨೪ರಲ್ಲಿ ಕೆಲಸ ಹಿಡಿದು ೧೯೨೮ರಲ್ಲಿ ಮುಗಿಸಿದರು. ಹಳಿ ಬೆಟ್ಟದ ಮಗ್ಗುಲಲ್ಲಿ ಇಳಿದು, ಕಾಯ್ಮನ್ಸ್ ನದಿ ಸಮುದ್ರವನ್ನು ಸೇರುವೆಡೆಯಲ್ಲಿ ಬಿಲ್ಲಿನಂತೆ ಬಾಗಿದ ಸೇತುವೆಯನ್ನು ದಾಟಿ, ಸರೋವರಗಳ ಬದಿಯಲ್ಲಿ ಸಾಗಿ, ಕೊನೆಗೆ ಹಿನ್ನೀರನ್ನು ದಾಟಿ ನೈಸ್ನಾ ಸೇರುತ್ತಿತ್ತು. ಇದನ್ನು ಹಾಕಿದವರು ನೋಟದ ಸೊಬಗಿಗೆಂದು ಹಾಕಲಿಲ್ಲ. ನೈಸ್ನಾ ಮರಮುಟ್ಟಿಗೆ ಹೆಸರಾದ ಊರು. ಅಲ್ಲಿಯ ಜನಕ್ಕೂ ಸರಕಿಗೂ ದಾರಿ ಬೇಕಿತ್ತು.

ಕಾಲ ಸರಿದಂತೆ ಸರಕು ಲಾರಿಗೂ ಜನ ಮೋಟಾರಿಗೂ ಒಲಿದರು. ದೇಶದ ಉಗಿ ಎಂಜಿನ್ನುಗಳು ಒಂದೊಂದಾಗಿ ತಣ್ಣಗಾದವು. ಇಲ್ಲಿ ಇನ್ನೂ ಹೊಗೆಯಾಡುತ್ತಿತ್ತು. ಅದನ್ನು ನೋಡಲೆಂದೇ ದೂರದೇಶಗಳ ಪ್ರವಾಸಿಗಳು ಬಂದರು. ೧೯೯೨ರಲ್ಲಿ ಇದನ್ನು ಪಾರಂಪರಿಕ ರೈಲುಮಾರ್ಗವೆಂದು ಸಾರಿದರು.

೨೦೦೬ರ ಆಗಸ್ಟಿನಲ್ಲಿ ಭಾರಿ ಮಳೆ ಸುರಿದು, ಗುಡ್ಡ ಕುಸಿದು ಹಳಿ ಕೆಟ್ಟಿತು. ಪ್ರವಾಸಿಗಳನ್ನು ನಂಬಿದವರಿಗೆ ನಷ್ಟವಾಯಿತು, ನಿಜ. ಆದರೆ ರೈಲಿಲ್ಲವೆಂದು ಊರಿಗೆ ದಿನಸಿ ಬರುವುದೇನೂ ನಿಲ್ಲುವಂತಿರಲಿಲ್ಲ, ರಸ್ತೆಯಿತ್ತಲ್ಲ! ರೈಲನ್ನು ಜಾರ್ಜ್‌ನಿಂದ ಮೊಸಲ್ ಬೇಗೆ, ಬೇರೊಂದು ಹಳಿಗೆ, ತಿರುಗಿಸಿದರು. ಆ ದಾರಿಯಲ್ಲಿ ಕಾಯ್ಮನ್ಸ್ ಸೇತುವೆಯಿಲ್ಲ. ೨೦೧೦ರಲ್ಲಿ ಅದೂ ನಿಂತಿತು. ಹಳೆಯ ಹಳಿಯ ಮೇಲೆ ಮತ್ತೆ ಓಡಿಸುವ ಮಾತು ಆಮೇಲೆ ಎಷ್ಟೋ ಸಲ ಎದ್ದಿತು.

ಮಳೆಯೊಂದನ್ನೇ ದೂರುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ನಿತ್ಯ ಬೇಕಾದ ದಾರಿ ಕೆಟ್ಟರೆ ಜನ ಮರುದಿನವೇ ಗುದ್ದಲಿ ಹಿಡಿಯುತ್ತಾರೆ. ಮೆಚ್ಚಿಕೆಯೊಂದನ್ನೇ ನಂಬಿದ ದಾರಿಗೆ ಆ ಭಾಗ್ಯವಿಲ್ಲ. ಹಳಗನ್ನಡ ಪಾಠ ಹೇಳುವ ನನಗೆ ಇದು ಚುಚ್ಚುತ್ತದೆ. ಪಂಪ ರನ್ನರನ್ನು ನಾವೂ ಪರಂಪರೆಯೆಂದು ಸಾರಿದ್ದೇವೆ, ಉತ್ಸವದ ದಿನ ಹಾರ ಹಾಕಿ ಬರುತ್ತೇವೆ. ಅವರನ್ನು ಓದುವ ಅಗತ್ಯವೇ ಯಾರಿಗೂ ಉಳಿಯದಿದ್ದರೆ, ಮುಂದೊಂದು ಮಳೆಗೆ ಗುಡ್ಡ ಕುಸಿದಾಗ ಮಣ್ಣು ಸರಿಸಲು ಯಾರು ಬಂದಾರು?